ಗೋತಳಿ ಸಂವರ್ಧನೆಯಲ್ಲಿ ಸಂತಾನೋತ್ಪತ್ತಿ ಜೈವಿಕ ತಂತ್ರಜ್ಞಾನ: ಕೃತಕ ಗರ್ಭಧಾರಣೆಯಿಂದ ತದ್ರೂಪಿ ಸೃಷ್ಟಿಯವರೆಗೆ

1939ರಲ್ಲಿ ಮೈಸೂರು ಅರಮನೆಯ ಹೈನುಶಾಲೆಯಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಜಿಯನ್ ಹೋರಿಯ ವೀರ್ಯವನ್ನು ಉಪಕರಣದ ಮೂಲಕ ಸೇರಿಸಿದರು. ಮೂವತ್ತಮೂರು ಹಸುಗಳು ಗಬ್ಬವಾದವು. ಭಾರತದಲ್ಲಿ ಕೃತಕ ಗರ್ಭಧಾರಣೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಈ ಘಟನೆಯಿಂದಲೇ ಆರಂಭಿಸುತ್ತಾರೆ; ಕನ್ನಡಿಗರಿಗೆ ಅದು ಹೆಮ್ಮೆಯ ಸಂಗತಿಯೂ ಹೌದು. ಆದರೆ ಆ ಪ್ರಯೋಗಕ್ಕೆ ಇನ್ನೊಂದು ಮುಖವಿದೆ. ಹಳ್ಳಿಕಾರ್ ಹಾಲಿಗಾಗಿ ಬೆಳೆದುಬಂದ ತಳಿಯಲ್ಲ. ಬಂಡಿಗೆ, ನೇಗಿಲಿಗೆ, ಕಪಿಲೆಗೆ ಹೂಡುವ ಎತ್ತುಗಳಿಗಾಗಿ ತಲೆಮಾರುಗಳ ಕಾಲ ಆಯ್ದು ಬೆಳೆಸಿದ ತಳಿ. ಹೊಸ ತಂತ್ರವು ತನ್ನ ಮೊದಲ ಹೆಜ್ಜೆಯಲ್ಲಿಯೇ ನಮ್ಮ ಹಸುವಿನ ಗರ್ಭವನ್ನೂ ಪರದೇಶದ ಹೋರಿಯ ಬೀಜವನ್ನೂ ಕೂಡಿಸಿತು. ಮುಂದಿನ ದಶಕಗಳಲ್ಲಿ ಅದು ಹೆಚ್ಚಾಗಿ ನಡೆದದ್ದೂ ಅದೇ ಹಾದಿಯಲ್ಲಿ. ಸರಿಯಾಗಿ ಎಂಬತ್ತು ವರ್ಷಗಳ ನಂತರ, 2019ರಲ್ಲಿ ಪ್ರಕಟವಾದ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ವಿದೇಶಿ ಮತ್ತು ಮಿಶ್ರತಳಿ ದನಗಳ ಸಂಖ್ಯೆ 5 ಕೋಟಿಯನ್ನು ದಾಟಿತ್ತು. 2012ರ ಗಣತಿಗೆ ಹೋಲಿಸಿದರೆ ಇದು ಶೇ. 26.9ರಷ್ಟು ಏರಿಕೆ. ದೇಶೀಯ ದನಗಳ ಸಂಖ್ಯೆ ಅದೇ ಅವಧಿಯಲ್ಲಿ ಶೇ. 6ರಷ್ಟು ಇಳಿದಿತ್ತು.

ಇದನ್ನು ತಂತ್ರಜ್ಞಾನದ ಅಪರಾಧವೆಂದು ಹೇಳುವುದು ಸರಿಯಾಗದು. ಕೋಲಾರ, ಮಂಡ್ಯ, ಹಾಸನ ಜಿಲ್ಲೆಗಳ ಅಸಂಖ್ಯಾತ ಸಣ್ಣ ಹಿಡುವಳಿದಾರರ ಮನೆಗಳಲ್ಲಿ ಮಕ್ಕಳ ಶಾಲೆಯ ಶುಲ್ಕವನ್ನು ತುಂಬಿದ್ದು ಮಿಶ್ರತಳಿಯ ಎರಡು ಹಸುಗಳೇ. ಗಮನಿಸಬೇಕಾದ ಮಾತು ಬೇರೆ. ಕೃತಕ ಗರ್ಭಧಾರಣೆ, ಭ್ರೂಣ ವರ್ಗಾವಣೆ, ಪ್ರನಾಳ ಫಲೀಕರಣ, ತದ್ರೂಪಿ ಸೃಷ್ಟಿ ಇವೆಲ್ಲವೂ ಆಯ್ಕೆಯಾದ ಪ್ರಾಣಿಯನ್ನು ಹೆಚ್ಚಿಸಿಕೊಡುವ ಸಾಧನಗಳು. ಯಾವ ಪ್ರಾಣಿಯನ್ನು ಹೆಚ್ಚಿಸಬೇಕೆಂಬುದನ್ನು ಅವು ಹೇಳಲಾರವು. ಸಾಧನದ ಬಲ ಹೆಚ್ಚಿದಷ್ಟೂ ಆಯ್ಕೆಯ ಹೊಣೆ ಹೆಚ್ಚುತ್ತದೆ. ಈ ದೃಷ್ಟಿಯಿಂದ ಆ ತಂತ್ರಗಳ ಸ್ವರೂಪವನ್ನೂ ಅವುಗಳ ಮಿತಿಯನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ತಳಿ ಸುಧಾರಣೆಯ ಲೆಕ್ಕ

ತಳಿಯೊಂದು ಪೀಳಿಗೆಯಿಂದ ಪೀಳಿಗೆಗೆ ಎಷ್ಟು ವೇಗವಾಗಿ ಸುಧಾರಿಸುತ್ತದೆ ಎಂಬುದಕ್ಕೆ ಪಶುತಳಿ ಶಾಸ್ತ್ರಜ್ಞರು ಒಂದು ಸರಳ ಸಮೀಕರಣವನ್ನು ಬಳಸುತ್ತಾರೆ. ಎಷ್ಟು ಪ್ರಾಣಿಗಳ ನಡುವಿನಿಂದ ಎಷ್ಟು ಕಡಿಮೆ ಪ್ರಾಣಿಗಳನ್ನು ಆಯ್ದೆವು, ಆ ಆಯ್ಕೆ ಎಷ್ಟು ನಿಖರವಾಗಿತ್ತು, ಹಿಂಡಿನಲ್ಲಿ ಆನುವಂಶಿಕ ವೈವಿಧ್ಯ ಎಷ್ಟಿತ್ತು ಎಂಬ ಮೂರನ್ನು ಗುಣಿಸಿ, ತಂದೆತಾಯಿಗಳಿಂದ ಮಕ್ಕಳವರೆಗಿನ ಕಾಲದ ಅಂತರದಿಂದ ಭಾಗಿಸಿದರೆ ವಾರ್ಷಿಕ ಪ್ರಗತಿ ದೊರೆಯುತ್ತದೆ. ನಿಖರತೆ ಎಂಬ ಅಂಶ ಹೊರನೋಟಕ್ಕೆ ಸುಲಭವೆಂದು ತೋರುತ್ತದೆ. ಹೆಚ್ಚು ಹಾಲು ಕೊಡುವ ಹಸುವನ್ನು ಆರಿಸಿದರೆ ಸಾಕಲ್ಲವೇ? ಸಾಲದು. ಹಸುಗಳ ನಡುವೆ ಹಾಲಿನ ಇಳುವರಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಸ್ಥೂಲವಾಗಿ ಕಾಲುಭಾಗದಿಂದ ಮೂರನೆಯ ಒಂದು ಭಾಗ ಮಾತ್ರ ವಂಶವಾಹಿಗಳಿಂದ ಬಂದದ್ದು. ಉಳಿದುದು ಮೇವು, ನೀರು, ಕೊಟ್ಟಿಗೆ, ರೋಗ, ಕರು ಹಾಕಿದ ಋತು ಮತ್ತು ಸಾಕುವವರ ಕೈಗುಣದ ಫಲ. ಒಳ್ಳೆಯ ಹಿಂಡಿ ತಿಂದ ಸಾಧಾರಣ ಹಸು, ಒಣಹುಲ್ಲು ತಿಂದ ಉತ್ತಮ ಹಸುವಿಗಿಂತ ಹೆಚ್ಚು ಹಾಲು ಕೊಡಬಹುದು. ಇವೆರಡನ್ನು ಬೇರ್ಪಡಿಸಿ ನೋಡಬೇಕಾದರೆ ಸಾವಿರಾರು ಹಸುಗಳ ಹಾಲನ್ನು ತಿಂಗಳು ತಿಂಗಳೂ ಅಳೆದು ಬರೆದಿಡಬೇಕು. ಹೋರಿಯ ವಿಷಯದಲ್ಲಿಯಂತೂ ಬೇರೆ ದಾರಿಯೇ ಇರಲಿಲ್ಲ. ಅದು ಹಾಲು ಕೊಡುವುದಿಲ್ಲವಾದ್ದರಿಂದ ಅದರ ಹೆಣ್ಣು ಮಕ್ಕಳು ಬೆಳೆದು, ಕರು ಹಾಕಿ, ಹಾಲು ಕರೆಯುವವರೆಗೆ ಐದಾರು ವರ್ಷ ಕಾಯಬೇಕಿತ್ತು.

ಹೋರಿಯ ಕಡೆಯಿಂದ

ನಮ್ಮ ಹಳ್ಳಿಗಳಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ಬಸವ ಊರೂರು ತಿರುಗುತ್ತ ಬೆದೆಗೆ ಬಂದ ಹಸುಗಳನ್ನು ಕೂಡುತ್ತಿತ್ತು. ಯಾರ ಹೊಲದಲ್ಲಿ ಮೇಯ್ದರೂ ಅದನ್ನು ಹೊಡೆಯುವಂತಿರಲಿಲ್ಲ. ಕರುವಾಗಿದ್ದಾಗಲೇ ಮೈಕಟ್ಟು, ಸುಳಿ, ನಡೆ ನೋಡಿ ಆರಿಸುತ್ತಿದ್ದುದರಿಂದ ಅದರಲ್ಲಿಯೂ ಒಂದು ಬಗೆಯ ಆಯ್ಕೆಯಿತ್ತು. ಆದರೆ ಆ ಬಸವನ ಪ್ರಭಾವ ಸುತ್ತಲಿನ ಕೆಲವು ಹಳ್ಳಿಗಳಿಗೆ ಸೀಮಿತ. ಅದರಲ್ಲೊಂದು ದೋಷವಿದ್ದರೆ ಆ ದೋಷವೂ ಅಷ್ಟಕ್ಕೇ ಸೀಮಿತವಾಗಿರುತ್ತಿತ್ತು.

ಈ ಸೀಮೆಯನ್ನು ಅಳಿಸಿದ್ದು ಘನೀಕರಣ. 1939ರ ಕಾಲದಲ್ಲಿ ವೀರ್ಯವನ್ನು ಸಂಗ್ರಹಿಸಿದ ಕೆಲವೇ ದಿನಗಳೊಳಗೆ ಬಳಸಬೇಕಿತ್ತು. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಅವರು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿ ಕರಗಿದ ನಂತರವೂ ಬದುಕುಳಿಯುತ್ತವೆ ಎಂದು ತೋರಿಸಿದರು. ಈ ಆವಿಷ್ಕಾರದ ಹಿಂದೆ ಒಂದು ಸ್ವಾರಸ್ಯವಿದೆ: ಅವರು ಪರೀಕ್ಷಿಸಲು ಹೊರಟಿದ್ದುದು ಒಂದು ಸಕ್ಕರೆಯ ದ್ರಾವಣವನ್ನು, ಶೀಶೆಯ ಚೀಟಿ ಅದಲುಬದಲಾಗಿ ಗ್ಲಿಸರಾಲ್ ಇದ್ದ ದ್ರಾವಣ ಕೈಗೆ ಬಂದಿತ್ತು. ಇಂದು ಮೈನಸ್ 196 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದ್ರವ ಸಾರಜನಕದಲ್ಲಿ ವೀರ್ಯವನ್ನು ದಶಕಗಳ ಕಾಲ ಕಾಪಾಡಬಹುದು. ಕಾಲು ಮಿಲಿಲೀಟರಿನ ಒಂದು ನಳಿಕೆಗೆ ಸುಮಾರು 2 ಕೋಟಿ ವೀರ್ಯಾಣುಗಳು ಸಾಕಾಗುವುದರಿಂದ ಹೋರಿಯ ಒಂದೇ ಸ್ಖಲನದಿಂದ ಇನ್ನೂರು ಮುನ್ನೂರು ನಳಿಕೆಗಳು ದೊರೆಯುತ್ತವೆ. ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ 1969ರಲ್ಲಿ ಸ್ಥಾಪನೆಗೊಂಡ ಕೇಂದ್ರವು ಈ ವಿದ್ಯೆಯನ್ನು ದೇಶದಲ್ಲಿ ನೆಲೆಗೊಳಿಸಿದ ಸಂಸ್ಥೆಗಳಲ್ಲೊಂದು. ಅನೇಕ ರಾಜ್ಯಗಳ ತಂತ್ರಜ್ಞರು ತರಬೇತಿ ಪಡೆದದ್ದು ಅಲ್ಲಿಯೇ.

ಹೋರಿಯೊಂದರ ಪ್ರಭಾವ ಲಕ್ಷಾಂತರ ಹಸುಗಳಿಗೆ ಹರಡಿದಾಗ ಏನಾಗಬಹುದೆಂಬುದಕ್ಕೆ ಅಮೆರಿಕದ ಹೋಲ್‌ಸ್ಟೀನ್ ತಳಿಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1962ರಲ್ಲಿ ಹುಟ್ಟಿದ ‘ಚೀಫ್’ ಎಂಬ ಹೋರಿಗೆ 16,000 ಹೆಣ್ಣು ಮಕ್ಕಳು, 5 ಲಕ್ಷ ಮೊಮ್ಮಕ್ಕಳು, 20 ಲಕ್ಷಕ್ಕೂ ಹೆಚ್ಚು ಮರಿಮಕ್ಕಳು. ಅಲ್ಲಿನ ಹೋಲ್‌ಸ್ಟೀನ್ ದನಗಳ ಒಟ್ಟು ಆನುವಂಶಿಕ ಸಂಪತ್ತಿನಲ್ಲಿ ಶೇ. 14ರಷ್ಟು ಆ ಒಂದು ಹೋರಿಯಿಂದ ಬಂದಿದೆಯೆಂದು ಅಂದಾಜು. ಹಾಲಿನ ಇಳುವರಿಯನ್ನು ಅದು ಅಪಾರವಾಗಿ ಹೆಚ್ಚಿಸಿತು. ಜೊತೆಗೆ ಯಾರಿಗೂ ತಿಳಿಯದ ಒಂದು ದೋಷವನ್ನೂ ಹಂಚಿತು. ಭ್ರೂಣದ ಬೆಳವಣಿಗೆಗೆ ಅತ್ಯಗತ್ಯವಾದ ಒಂದು ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಚೀಫ್‌ನಲ್ಲಿ ಮುರಿದಿತ್ತು. ಒಂದು ಪ್ರತಿ ಸರಿಯಿದ್ದರೆ ಪ್ರಾಣಿಗೆ ಯಾವ ತೊಂದರೆಯೂ ಇಲ್ಲ. ಆದರೆ ಅದರ ಸಂತತಿಯ ಹೋರಿಯೂ ಹಸುವೂ ಕೂಡಿದಾಗ, ಇಬ್ಬರಲ್ಲಿಯೂ ಆ ದೋಷವಿದ್ದರೆ, ನಾಲ್ಕರಲ್ಲಿ ಒಂದು ಭ್ರೂಣಕ್ಕೆ ಎರಡೂ ಮುರಿದ ಪ್ರತಿಗಳು ಬಂದು ಅದು ಗರ್ಭದಲ್ಲಿಯೇ ಸಾಯುತ್ತದೆ. ಹಸು ಮತ್ತೆ ಬೆದೆಗೆ ಬಂದಾಗ ರೈತನು ಗರ್ಭ ನಿಲ್ಲಲಿಲ್ಲವೆಂದು ಭಾವಿಸುತ್ತಾನಷ್ಟೆ. ದಶಕಗಳ ಅವಧಿಯಲ್ಲಿ ಜಗತ್ತಿನಾದ್ಯಂತ ಹೀಗೆ ಐದು ಲಕ್ಷಕ್ಕೂ ಹೆಚ್ಚು ಭ್ರೂಣಗಳು ನಾಶವಾಗಿರಬೇಕೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ನಷ್ಟ ಸುಮಾರು 42 ಕೋಟಿ ಡಾಲರು. ಚೀಫ್‌ನಿಂದಾದ ಲಾಭ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಎಂಬುದನ್ನೂ ಹೇಳಬೇಕು. ಆ ದೋಷ ಪತ್ತೆಯಾಗಿದ್ದು ಕೂಡ ಅಲ್ಲಿ ಪ್ರತಿ ಹೋರಿಯ, ಪ್ರತಿ ಹಸುವಿನ ವಂಶಾವಳಿ ಬರಹದಲ್ಲಿ ಇದ್ದುದರಿಂದಲೇ.

ಹಸುವಿನ ಕಡೆಯಿಂದ

ಹುಟ್ಟುವ ಹೆಣ್ಣುಗರುವಿನ ಅಂಡಾಶಯಗಳಲ್ಲಿ ಲಕ್ಷಕ್ಕೂ ಮಿಕ್ಕ ಅಂಡಕೋಶಿಕೆಗಳಿರುತ್ತವೆ. ಆದರೂ ಹಸುವೊಂದು ತನ್ನ ಜೀವಮಾನದಲ್ಲಿ ಎಂಟು ಹತ್ತು ಕರುಗಳನ್ನು ಹಾಕಿದರೆ ಅದೇ ಹೆಚ್ಚು. ಇಪ್ಪತ್ತೊಂದು ದಿನಗಳಿಗೊಮ್ಮೆ ಬರುವ ಬೆದೆಯಲ್ಲಿ ಸಾಮಾನ್ಯವಾಗಿ ಒಂದೇ ಅಂಡಾಣು ಬಿಡುಗಡೆಯಾಗುತ್ತದೆ. ಅದು ಫಲಿತವಾದರೆ ಒಂಬತ್ತು ತಿಂಗಳಿಗೂ ಮಿಕ್ಕಿ ಗರ್ಭ. ಪ್ರಕೃತಿಯ ಈ ನಿಧಾನಗತಿಯನ್ನು ದಾಟಲು ಮೊದಲು ಬಂದದ್ದು ಭ್ರೂಣ ವರ್ಗಾವಣೆ. ವಾಲ್ಟರ್ ಹೀಪ್ 1890ರಲ್ಲಿ ಮೊಲಗಳಲ್ಲಿ ಅದನ್ನು ಸಾಧಿಸಿದ್ದನು. ಈ ವಿಧಾನದಿಂದ ಕರು ಹುಟ್ಟಿದ್ದು 1951ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ದಾನಿ ಹಸುವಿಗೆ ನಾಲ್ಕು ದಿನಗಳ ಕಾಲ ಬೆಳಿಗ್ಗೆ ಸಂಜೆ ಹಾರ್ಮೋನಿನ ಚುಚ್ಚುಮದ್ದು ನೀಡಿ, ಏಕಕಾಲಕ್ಕೆ ಅನೇಕ ಅಂಡಾಣುಗಳು ಪಕ್ವವಾಗುವಂತೆ ಮಾಡಿ, ಗರ್ಭಧಾರಣೆ ಮಾಡಿಸಿ, ಏಳನೆಯ ದಿನ ಗರ್ಭಕೋಶವನ್ನು ದ್ರಾವಣದಿಂದ ತೊಳೆದು ಭ್ರೂಣಗಳನ್ನು ಹೊರತೆಗೆಯುತ್ತಾರೆ. ಒಮ್ಮೆಗೆ ಸರಾಸರಿ ಐದಾರು ಒಳ್ಳೆಯ ಭ್ರೂಣಗಳು ದೊರೆಯುತ್ತವೆ; ಕೆಲವು ಹಸುಗಳು ಒಂದನ್ನೂ ಕೊಡುವುದಿಲ್ಲ. ಭಾರತದಲ್ಲಿ 1987ರಲ್ಲಿ ರಾಷ್ಟ್ರೀಯ ಯೋಜನೆಯಾಗಿ ಈ ಕಾರ್ಯ ಆರಂಭವಾಯಿತು.

ಹಾರ್ಮೋನಿನ ಅನಿಶ್ಚಯವನ್ನು ತಪ್ಪಿಸಿದ್ದು ಪ್ರನಾಳ ಫಲೀಕರಣ. ಅಂಡಾಣುವನ್ನು ದೇಹದ ಹೊರಗೆ ವೀರ್ಯಾಣುವಿನೊಡನೆ ಕೂಡಿಸುವ ಈ ವಿಧಾನದಿಂದ ಮೊದಲ ಕರು 1981ರಲ್ಲಿ ಅಮೆರಿಕದಲ್ಲಿ ಹುಟ್ಟಿತು. 1990ರಲ್ಲಿ ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ಜಗತ್ತಿನ ಮೊದಲ ಪ್ರನಾಳ ಎಮ್ಮೆಗರು ‘ಪ್ರಥಮ್’ ಹುಟ್ಟಿತು. ಎಮ್ಮೆಯ ಅಂಡಾಶಯಗಳು ಕಸಾಯಿಖಾನೆಗಳಲ್ಲಿ ದೊರೆಯುತ್ತಿದ್ದುದರಿಂದ ನಮ್ಮ ಪ್ರಯೋಗಾಲಯಗಳು ಎಮ್ಮೆಯಲ್ಲಿ ಬೇಗನೆ ಪಳಗಿದವು; ಹಸುವಿನ ವಿಷಯದಲ್ಲಿ ಆ ಅನುಕೂಲವಿರಲಿಲ್ಲ. 1980ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ವಿಧಾನವೊಂದು ಈ ತೊಡಕನ್ನು ಬಿಡಿಸಿತು. ಅಲ್ಟ್ರಾಸೌಂಡ್ ಪರದೆಯಲ್ಲಿ ಅಂಡಾಶಯವನ್ನು ನೋಡುತ್ತ, ಯೋನಿಯ ಮೂಲಕ ತೆಳುವಾದ ಸೂಜಿಯನ್ನು ಹಾಯಿಸಿ, ಜೀವಂತ ಹಸುವಿನಿಂದಲೇ ಅಂಡಾಣುಗಳನ್ನು ಹೀರಿ ತೆಗೆಯಬಹುದು. ಕೆಲವು ದಿನಗಳ ಅಂತರದಲ್ಲಿ ಮತ್ತೆ ತೆಗೆಯಬಹುದು. ಮುಂದೆ ಹೇಳಲಿರುವ ಗಂಗಾ ಎಂಬ ಕರುವಿನ ಹುಟ್ಟು ಸಾಧ್ಯವಾದದ್ದು ಇದರಿಂದ.

ಲಿಂಗ ನಿರ್ಧರಿತ ವೀರ್ಯದ ಬಗ್ಗೆ ಇಲ್ಲಿಯೇ ಎರಡು ಮಾತು ಹೇಳಬಹುದು. ಎಕ್ಸ್ ವರ್ಣತಂತುವುಳ್ಳ ವೀರ್ಯಾಣುವಿನಲ್ಲಿ ವೈ ವರ್ಣತಂತುವುಳ್ಳದ್ದಕ್ಕಿಂತ ಶೇ. 3.8ರಷ್ಟು ಹೆಚ್ಚು ಡಿಎನ್‌ಎ ಇರುತ್ತದೆ. ಡಿಎನ್‌ಎಗೆ ಅಂಟುವ ಬಣ್ಣವನ್ನು ಬೆರೆಸಿ, ಲೇಸರ್ ಕಿರಣದ ಎದುರು ವೀರ್ಯಾಣುಗಳನ್ನು ಒಂದೊಂದಾಗಿ ಹಾಯಿಸಿದರೆ, ಹೆಣ್ಣುಗರು ಕೊಡುವವು ಒಂದಿಷ್ಟು ಹೆಚ್ಚು ಹೊಳೆಯುತ್ತವೆ. ಆ ಹೊಳಪಿನ ಆಧಾರದಿಂದ ಅವನ್ನು ವಿದ್ಯುತ್ ಕ್ಷೇತ್ರದಲ್ಲಿ ಬೇರ್ಪಡಿಸುತ್ತಾರೆ. ಹತ್ತರಲ್ಲಿ ಒಂಬತ್ತು ಕರುಗಳು ಹೆಣ್ಣಾಗುತ್ತವೆ. ಗರ್ಭ ಕಟ್ಟುವ ಪ್ರಮಾಣ ಸಾಮಾನ್ಯ ವೀರ್ಯಕ್ಕಿಂತ ಸ್ವಲ್ಪ ಕಡಿಮೆ. ಟ್ರ್ಯಾಕ್ಟರು ಬಂದ ಮೇಲೆ ಗಂಡುಗರು ಭಾರವಾಗಿರುವ ಕುಟುಂಬಗಳಿಗೆ ಇದರ ಬೆಲೆ ಬೇಗ ತಿಳಿಯಿತು. ಈ ತಂತ್ರದ ಸ್ವದೇಶಿ ರೂಪವನ್ನು 2024ರಲ್ಲಿ ಬಿಡುಗಡೆ ಮಾಡಲಾಯಿತು.

ತದ್ರೂಪಿ

ಇದುವರೆಗೆ ಹೇಳಿದ ವಿಧಾನಗಳಲ್ಲೆಲ್ಲ ಅಂಡಾಣು ಮತ್ತು ವೀರ್ಯಾಣುಗಳು ಕೂಡುತ್ತವೆ. ಹುಟ್ಟುವ ಕರು ಹೊಸ ಜೀವಿ. ತದ್ರೂಪಿ ಸೃಷ್ಟಿಯಲ್ಲಿ ಆ ಕೂಡುವಿಕೆಯೇ ಇಲ್ಲ. ಬೆಳೆದ ಪ್ರಾಣಿಯ ಚರ್ಮದ ಕೋಶವೊಂದರಲ್ಲಿ ಇಡೀ ಪ್ರಾಣಿಯನ್ನು ಕಟ್ಟಲು ಬೇಕಾದ ಎಲ್ಲ ಮಾಹಿತಿಯೂ ಇದೆ, ಆದರೆ ಬಹುಭಾಗ ಮುಚ್ಚಿಹೋಗಿದೆ. ಅಂಡಾಣುವಿನ ಕೋಶರಸಕ್ಕೆ ಆ ಮುಚ್ಚಳವನ್ನು ತೆರೆಯುವ ಶಕ್ತಿಯಿದೆ ಎಂಬುದು ಇದರ ಆಧಾರ. 1996ರ ಜುಲೈ 5ರಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದ ಡಾಲಿ ಎಂಬ ಕುರಿ ಇದನ್ನು ಸಾಬೀತುಪಡಿಸಿತು. ಇಯಾನ್ ವಿಲ್ಮುಟ್ ಮತ್ತು ಕೀತ್ ಕ್ಯಾಂಪ್‌ಬೆಲ್ ಅವರ ತಂಡ ಆರು ವರ್ಷದ ಕುರಿಯ ಕೆಚ್ಚಲಿನ ಕೋಶಗಳನ್ನು ಬಳಸಿತ್ತು. ಕೋಶಗಳಿಗೆ ಪೋಷಕಾಂಶವನ್ನು ಕಡಿಮೆ ಮಾಡಿ ಅವು ವಿಭಜನೆಯನ್ನು ನಿಲ್ಲಿಸುವಂತೆ ಮಾಡಿದ್ದು ಯಶಸ್ಸಿನ ಕೀಲಿಯೆನಿಸಿತು. 277 ಬೆಸುಗೆಗಳಲ್ಲಿ ಜೀವಂತವಾಗಿ ಹುಟ್ಟಿದ್ದು ಡಾಲಿಯೊಂದೇ. ಎರಡೇ ವರ್ಷಗಳಲ್ಲಿ, 1998ರ ಜುಲೈಯಲ್ಲಿ, ಜಪಾನಿನ ಇಶಿಕಾವಾದಲ್ಲಿ ಬೆಳೆದ ಹಸುವಿನ ಕೋಶಗಳಿಂದ ಅವಳಿ ಕರುಗಳು ಹುಟ್ಟಿದವು.

ಕರ್ನಾಲಿನ ವಿಜ್ಞಾನಿಗಳು ಆರಿಸಿಕೊಂಡದ್ದು ಗಾಬೊರ್ ವಾಯ್ಟಾ ಅವರು ಬೆಳೆಸಿದ್ದ ‘ಕೈಚಳಕದ’ ವಿಧಾನವನ್ನು ಪರಿಷ್ಕರಿಸಿದ ರೂಪವನ್ನು. ಸಾಂಪ್ರದಾಯಿಕ ವಿಧಾನಕ್ಕೆ ಬೇಕಾದ ಸೂಕ್ಷ್ಮ ಸೂಜಿಗಳ ದುಬಾರಿ ಯಂತ್ರ ಇದಕ್ಕೆ ಬೇಡ. ಪಕ್ವಗೊಂಡ ಅಂಡಾಣುವಿನ ಹೊರಪೊರೆಯನ್ನು ಕಿಣ್ವದಿಂದ ಕರಗಿಸಿ, ಸೂಕ್ಷ್ಮದರ್ಶಕದಡಿ ತೆಳುವಾದ ಅಲಗಿನಿಂದ ಕೈಯಲ್ಲಿಯೇ ಅದನ್ನು ಕತ್ತರಿಸಿ, ಕೋಶಕೇಂದ್ರವಿರುವ ಭಾಗವನ್ನು ಬಿಸಾಡುತ್ತಾರೆ. ಉಳಿದ ಕೋಶರಸದ ಎರಡು ತುಣುಕುಗಳ ನಡುವೆ ದಾನಿಯ ಒಂದು ಕೋಶವನ್ನಿಟ್ಟು ವಿದ್ಯುತ್ ಮಿಡಿತದಿಂದ ಮೂರನ್ನೂ ಬೆಸೆಯುತ್ತಾರೆ. ಬಳಿಕ ರಾಸಾಯನಿಕಗಳಿಂದ ಅದನ್ನು ಚೇತನಗೊಳಿಸಿ, ಸುಮಾರು ಏಳು ದಿನ ಪೋಷಿಸಿ, ಭ್ರೂಣವಾದುದನ್ನು ಬಾಡಿಗೆ ತಾಯಿಯ ಗರ್ಭಕೋಶಕ್ಕೆ ಸೇರಿಸುತ್ತಾರೆ.

ಈ ವಿಧಾನದಿಂದ 2009ರ ಫೆಬ್ರವರಿ 6ರಂದು ಹುಟ್ಟಿದ ಮೊದಲ ತದ್ರೂಪಿ ಎಮ್ಮೆಗರು ಒಂದು ವಾರವೂ ಬದುಕಲಿಲ್ಲ. ಅದೇ ವರ್ಷ ಜೂನ್ 6ರಂದು ‘ಗರಿಮಾ’ ಹುಟ್ಟಿತು. ಅದು 2011ರಲ್ಲಿ ಸತ್ತಿತು. 2010ರ ಆಗಸ್ಟಿನಲ್ಲಿ ಭ್ರೂಣದ ಆಕರಕೋಶದಿಂದ ಹುಟ್ಟಿದ ‘ಗರಿಮಾ-2’ ಬೆಳೆದು, 2013ರ ಜನವರಿಯಲ್ಲಿ ಸಹಜ ರೀತಿಯಲ್ಲಿ ‘ಮಹಿಮಾ’ ಎಂಬ ಹೆಣ್ಣುಗರುವಿಗೆ ಜನ್ಮವಿತ್ತಿತು. ತದ್ರೂಪಿಯೂ ತಾಯಾಗಬಲ್ಲದೆಂಬುದು ಎಮ್ಮೆಯ ಮಟ್ಟಿಗೆ ಹೀಗೆ ದೃಢಪಟ್ಟಿತು. ಗೋವಿನ ಸರದಿ ಬಂದದ್ದು ಬಹಳ ತಡವಾಗಿ. ಉತ್ತರಾಖಂಡದ ಜಾನುವಾರು ಅಭಿವೃದ್ಧಿ ಮಂಡಳಿಯ ಸಹಯೋಗದಲ್ಲಿ 2021ರಲ್ಲಿ ಆರಂಭವಾದ ಯೋಜನೆಯ ಫಲವಾಗಿ, 2023ರ ಮಾರ್ಚ್ 16ರಂದು ಗಿರ್ ತಳಿಯ ‘ಗಂಗಾ’ 32 ಕಿಲೋಗ್ರಾಂ ತೂಕದೊಡನೆ ಹುಟ್ಟಿತು. ಕೋಶ ಗಿರ್ ಹಸುವಿನ ಬಾಲದ ಚರ್ಮದ್ದು. ಅಂಡಾಣು ಸಾಹಿವಾಲ್ ಹಸುವಿನದು. ಹೊತ್ತು ಹೆತ್ತದ್ದು ಮಿಶ್ರತಳಿಯ ಹಸು.

ಗಂಗಾ ಯಾರ ಮಗಳು ಎಂಬ ಪ್ರಶ್ನೆ ಕುಚೇಷ್ಟೆಯದೆಂದು ತೋರಬಹುದು, ಆದರೆ ಅದಕ್ಕೆ ವೈಜ್ಞಾನಿಕ ತೂಕವಿದೆ. ಕೋಶಕೇಂದ್ರದ ಹೊರಗೆ, ಕೋಶಕ್ಕೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯಗಳಲ್ಲಿಯೂ 37 ವಂಶವಾಹಿಗಳಿವೆ. ಅವು ಅಂಡಾಣುವಿನ ಕೋಶರಸದೊಡನೆ ಬರುತ್ತವೆ. ಆದ್ದರಿಂದ ಗಿರ್ ಹಸುವಿನ ಈ ‘ಪ್ರತಿ’ಯಲ್ಲಿ ಸಾಹಿವಾಲ್‌ನ ಪಾಲೂ ಇದೆ. ತದ್ರೂಪಿ ಎಂಬ ನಮ್ಮ ಪದ ವಾಸ್ತವಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಮೈಬಣ್ಣದ ವಿಷಯದಲ್ಲಿಯೂ ಹೀಗೆಯೇ: ಹೋಲ್‌ಸ್ಟೀನ್ ತದ್ರೂಪಿಗಳ ಕಪ್ಪು ಬಿಳಿ ಮಚ್ಚೆಗಳು ಒಂದರಂತೆ ಇನ್ನೊಂದರಲ್ಲಿ ಇರುವುದಿಲ್ಲ, ಏಕೆಂದರೆ ಭ್ರೂಣದಲ್ಲಿ ಬಣ್ಣದ ಕೋಶಗಳು ಚಲಿಸುವ ದಾರಿ ಪ್ರತಿಬಾರಿಯೂ ಬೇರೆ. ಸ್ವಭಾವದ ಮಾತು ಇನ್ನೂ ದೂರದ್ದು. ಅಮೆರಿಕದ ಟೆಕ್ಸಾಸಿನಲ್ಲಿ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಳ್ಳುವಷ್ಟು ಸಾಧುವಾಗಿದ್ದ ‘ಚಾನ್ಸ್’ ಎಂಬ ಬ್ರಹ್ಮನ್ ತಳಿಯ ಹೋರಿಯ ಕೋಶದಿಂದ 1999ರಲ್ಲಿ ‘ಸೆಕೆಂಡ್ ಚಾನ್ಸ್’ ಹುಟ್ಟಿತು. ಹಳೆಯ ಗೆಳೆಯನೇ ಮರಳಿ ಬಂದನೆಂದು ನಂಬಿದ್ದ ಒಡೆಯನನ್ನು ಅದು ಕೊಂಬಿನಿಂದ ತಿವಿಯಿತು. ದನ ಸಾಕಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಈ ತಂತ್ರದ ವೆಚ್ಚವನ್ನು ಹಣದಲ್ಲಿ ಮಾತ್ರ ಎಣಿಸಲಾಗದು. ಗರ್ಭಕ್ಕೆ ಸೇರಿಸಿದ ತದ್ರೂಪಿ ಭ್ರೂಣಗಳಲ್ಲಿ ಜೀವಂತ ಕರುವಾಗುವುದು ಶೇ. 10ರ ಆಸುಪಾಸು. ಉಳಿದವು ಕೆಲವು ವಾರಗಳಲ್ಲಿ ಕರಗುತ್ತವೆ, ಇಲ್ಲವೆ ತಿಂಗಳು ತುಂಬಿದ ಮೇಲೆ ಬಿದ್ದುಹೋಗುತ್ತವೆ. ಕೆಲವು ಕರುಗಳು ಅಸಹಜವಾಗಿ ದೊಡ್ಡದಾಗಿ ಬೆಳೆದು ಹೆರಿಗೆಯಲ್ಲಿ ತಾಯಿಯನ್ನೂ ಅಪಾಯಕ್ಕೆ ಒಡ್ಡುತ್ತವೆ. ಚರ್ಮದ ಕೋಶದ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳು ಪೂರ್ತಿಯಾಗಿ ಅಳಿಯದೆ ಉಳಿಯುವುದೇ ಇದಕ್ಕೆ ಮುಖ್ಯ ಕಾರಣ. ಹುಟ್ಟಿ ಗಟ್ಟಿಯಾದ ತದ್ರೂಪಿಗಳು ಮಾತ್ರ ಸಾಮಾನ್ಯವಾಗಿಯೇ ಬಾಳುತ್ತವೆ. ಅವುಗಳ ಹಾಲು ಮಾಂಸಗಳು ಇತರ ದನಗಳವುಗಳಷ್ಟೇ ಸುರಕ್ಷಿತವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರಲ್ಲಿ ತೀರ್ಮಾನಿಸಿತು. ಯೂರೋಪಿನ ಸಂಸತ್ತು 2015ರಲ್ಲಿ ಕೃಷಿ ಪ್ರಾಣಿಗಳ ತದ್ರೂಪಿ ಸೃಷ್ಟಿಯ ನಿಷೇಧಕ್ಕೆ ಮತ ನೀಡಿದಾಗ ಮುಂದಿಟ್ಟ ಕಾರಣಗಳಲ್ಲಿ ಪ್ರಾಣಿಗಳ ಯಾತನೆ ಪ್ರಮುಖವಾಗಿತ್ತು.

ಯಾವುದರ ಪ್ರತಿ?

ಹಿಂದೆ ಹೇಳಿದ ಸಮೀಕರಣಕ್ಕೆ ಮರಳೋಣ. ತದ್ರೂಪಿಯು ತನ್ನ ಮೂಲಕ್ಕಿಂತ ಉತ್ತಮವಾಗುವುದಿಲ್ಲ. ತಂದೆತಾಯಿಗಳ ಗುಣಗಳು ಹೊಸದಾಗಿ ಬೆರೆತು, ಇಬ್ಬರಿಗಿಂತಲೂ ಮೇಲಾದ ಕರು ಹುಟ್ಟುವ ಸಾಧ್ಯತೆಯೇ ತಳಿ ಸುಧಾರಣೆಯ ಜೀವಾಳ. ತದ್ರೂಪಿ ಸೃಷ್ಟಿ ಅದನ್ನೇ ಬಿಟ್ಟುಕೊಡುತ್ತದೆ. ಹಿಂಡು ಮುನ್ನಡೆಯುತ್ತಿರುವಾಗ ಹತ್ತು ವರ್ಷದ ಹಿಂದಿನ ಶ್ರೇಷ್ಠ ಹಸುವಿನ ಪ್ರತಿ ಇಂದಿನ ಸಾಧಾರಣ ಹಸುವಾಗಿರಬಹುದು. ಇದರ ನ್ಯಾಯವಾದ ಬಳಕೆ ಕಿರಿದಾದುದು. ಹೆಣ್ಣು ಮಕ್ಕಳ ಹಾಲಿನಿಂದ ಗುಣ ದೃಢಪಟ್ಟ ಹೋರಿಯು ಮುದಿಯಾದಾಗ ಅಥವಾ ಸತ್ತಾಗ ಅದರ ವೀರ್ಯದ ಪೂರೈಕೆಯನ್ನು ಮುಂದುವರಿಸಲು ತದ್ರೂಪಿಯು ನೆರವಾದೀತು. ನಮ್ಮಲ್ಲಿ ಉತ್ತಮ ಮುರ್ರಾ ಕೋಣಗಳ ವಿಷಯದಲ್ಲಿ ನಡೆದಿರುವ ಪ್ರಯತ್ನಗಳ ತರ್ಕ ಇದೇ.

ಆದರೆ ದೃಢಪಟ್ಟ ಹೋರಿ ಎನ್ನಬೇಕಾದರೆ ದೃಢಪಡಿಸುವ ಬರಹ ಬೇಕು. ನಮ್ಮ ಬಹುಪಾಲು ಹಸುಗಳು ಇರುವುದು ಎರಡು ಮೂರು ರಾಸುಗಳ ಕೊಟ್ಟಿಗೆಗಳಲ್ಲಿ. ಡೈರಿಯಲ್ಲಿ ಹಾಲು ಅಳೆಯುವುದು ಮನೆಯ ಲೆಕ್ಕಕ್ಕೆ, ಹಸುವಿನ ಲೆಕ್ಕಕ್ಕಲ್ಲ. ಕರುವಿನ ತಂದೆ ಯಾವ ಹೋರಿಯೆಂಬುದು ನಳಿಕೆಯ ಮೇಲೆ ಅಚ್ಚಾಗಿದ್ದರೂ ಕೊಟ್ಟಿಗೆಯವರೆಗೆ ತಲಪುವುದು ಅಪರೂಪ. ವಂಶವಾಹಿಗಳ ಸಾವಿರಾರು ಗುರುತುಗಳನ್ನು ಒಮ್ಮೆಗೇ ಓದಿ, ಹುಟ್ಟಿದ ಕರುವಿನ ಭವಿಷ್ಯವನ್ನು ಅಂದಾಜಿಸುವ ಜೀನೋಮ್ ಆಯ್ಕೆಯ ಸೈದ್ಧಾಂತಿಕ ಚೌಕಟ್ಟು 2001ರಲ್ಲಿ ಪ್ರಕಟವಾಯಿತು. ನಮ್ಮ ದೇಶೀಯ ತಳಿಗಳಿಗೆ ತಕ್ಕ ಚಿಪ್‌ಗಳು 2021ರಲ್ಲಿಯೂ 2024ರಲ್ಲಿಯೂ ಬಂದಿವೆ. ಇದರಿಂದ ಐದಾರು ವರ್ಷ ಕಾಯುವ ಕಷ್ಟ ತಪ್ಪುತ್ತದೆ. ಬರೆಯುವ ಕಷ್ಟ ತಪ್ಪುವುದಿಲ್ಲ. ಯಾವ ಗುರುತು ಯಾವ ಗುಣದೊಡನೆ ಬರುತ್ತದೆಂದು ತಿಳಿಯಲು ಅಳೆದು ಬರೆದ ಸಾವಿರಾರು ಹಸುಗಳು ಮೊದಲು ಬೇಕೇ ಬೇಕು. ತದ್ರೂಪಿ ಕರುವಿನ ಭಾವಚಿತ್ರ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಹಳ್ಳಿಯಲ್ಲಿ ತಿಂಗಳಿಗೊಮ್ಮೆ ಕೊಟ್ಟಿಗೆಗೆ ಹೋಗಿ ಹಾಲು ಅಳೆಯುವವನದು ಬರುವುದಿಲ್ಲ. ಆದರೂ ಖರ್ಚು ಮಾಡಬೇಕಾದ ಮೊದಲ ರೂಪಾಯಿ ಇವನಿಗೆ ಸಲ್ಲಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಅಳಿವಿನ ಅಂಚಿನ ತಳಿಗಳು

ಒಂದು ಸಂದರ್ಭದಲ್ಲಿ ಮಾತ್ರ ಪ್ರತಿ ತೆಗೆಯುವುದೇ ಗುರಿಯಾಗಬಹುದು. ತಳಿಯೇ ಮುಗಿದುಹೋಗುವ ಸಂದರ್ಭದಲ್ಲಿ. ನ್ಯೂಜಿಲೆಂಡಿಗೆ ದಕ್ಷಿಣದ ಎಂಡರ್ಬಿ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿಟ್ಟ ದನಗಳು ಕಡಲಪಾಚಿಯನ್ನೂ ತಿಂದು ಬದುಕಿ ಪ್ರತ್ಯೇಕ ತಳಿಯಾಗಿದ್ದವು. ದ್ವೀಪದ ಸಸ್ಯಸಂಪತ್ತನ್ನು ಉಳಿಸಲು 1990ರ ದಶಕದ ಆರಂಭದಲ್ಲಿ ಅವನ್ನು ಕೊಲ್ಲಲಾಯಿತು. ಉಳಿದದ್ದು ‘ಲೇಡಿ’ ಎಂಬ ಒಂದೇ ಹಸು, ಮತ್ತು ದ್ವೀಪದ ಹೋರಿಗಳಿಂದ ಸಂಗ್ರಹಿಸಿಟ್ಟ ವೀರ್ಯ. 1998ರಲ್ಲಿ ಡೇವಿಡ್ ವೆಲ್ಸ್ ಅವರ ತಂಡ ಲೇಡಿಯ ತದ್ರೂಪಿ ‘ಎಲ್ಸಿ’ಯನ್ನು ಪಡೆಯಿತು. ನಮ್ಮ ಕಾಡುಗಳ ಕಾಟಿಯ ವಿಷಯದಲ್ಲಿಯೂ ಇಂಥ ಪ್ರಯತ್ನ ನಡೆದದ್ದುಂಟು: ಅಮೆರಿಕದಲ್ಲಿ ಘನೀಕರಿಸಿಟ್ಟಿದ್ದ ಕಾಟಿಯ ಕೋಶದಿಂದ, ಸಾಮಾನ್ಯ ಹಸುವಿನ ಗರ್ಭದಲ್ಲಿ ಬೆಳೆದು, 2001ರ ಜನವರಿಯಲ್ಲಿ ಹುಟ್ಟಿದ ‘ನೋವಾ’ ಎರಡೇ ದಿನಗಳಲ್ಲಿ ಅತಿಸಾರದಿಂದ ಸತ್ತಿತು.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಫಿರಂಗಿಗಳನ್ನು ಎಳೆದು ಯುದ್ಧಗಳ ಗತಿಯನ್ನೇ ಬದಲಿಸಿದ ಎತ್ತುಗಳು ಅವು. ಬ್ರಿಟಿಷ್ ಆಡಳಿತವು ಖರ್ಚು ಉಳಿಸಲೆಂದು 1860ರಲ್ಲಿ ಆ ಹಿಂಡುಗಳನ್ನು ಮಾರಿ ಇಲಾಖೆಯನ್ನು ಮುಚ್ಚಿತು. ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿತು. ಆರು ವರ್ಷಗಳ ನಂತರವೂ ಅದು ಸಾಧ್ಯವಾದದ್ದು ಆ ದನಗಳು ನಾಡಿನಲ್ಲಿ ಇನ್ನೂ ಉಳಿದಿದ್ದುದರಿಂದ. ಇಂದು ಅಜ್ಜಂಪುರದ ಕೇಂದ್ರ ಮತ್ತು ಅದರ ಕಾವಲುಗಳು ಆ ತಳಿಯ ಮುಖ್ಯ ಆಸರೆ. ಕೃಷ್ಣಾ ಕಣಿವೆಯ ತಳಿ ಅದಕ್ಕಿಂತಲೂ ವಿರಳವಾಗಿದೆ. ಮಲೆನಾಡು ಗಿಡ್ಡ ಪ್ರತ್ಯೇಕ ತಳಿಯೆಂದು ಅಧಿಕೃತವಾಗಿ ದಾಖಲಾಗಿದ್ದೇ 2012ರಲ್ಲಿ.

ಕಿವಿಯ ತುದಿಯಿಂದ ತೆಗೆದ ಕಿರುಚೂರು ಚರ್ಮದಿಂದ ಲಕ್ಷಾಂತರ ಕೋಶಗಳನ್ನು ಬೆಳೆಸಿ ಘನೀಕರಿಸಿಡಬಹುದು. ಪ್ರಾಣಿಗೆ ನೋವು ಅಲ್ಪ, ಖರ್ಚೂ ಹೆಚ್ಚಲ್ಲ. 1984ರಲ್ಲಿ ಸ್ಥಾಪನೆಯಾದ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ದೇಶೀಯ ತಳಿಗಳ ವೀರ್ಯವನ್ನೂ ದೇಹಕೋಶಗಳನ್ನೂ ಹೀಗೆ ಸಂಗ್ರಹಿಸುತ್ತಿದೆ. ಎಷ್ಟು ಪ್ರಾಣಿಗಳಿಂದ, ಯಾವ ಯಾವ ಮನೆತನದ ಪ್ರಾಣಿಗಳಿಂದ ಸಂಗ್ರಹಿಸಬೇಕೆಂಬುದಕ್ಕೆ ಎಂಡರ್ಬಿಯ ಮುಂದಿನ ಕಥೆ ಉತ್ತರ ಹೇಳುತ್ತದೆ. ಎಲ್ಸಿಯ ಬಳಿಕ ಲೇಡಿಯ ಇನ್ನೂ ಕೆಲವು ತದ್ರೂಪಿಗಳು ಹುಟ್ಟಿದವು. ಅವೆಲ್ಲವೂ ಹೆಣ್ಣು, ಎಲ್ಲವೂ ಆನುವಂಶಿಕವಾಗಿ ಒಂದೇ ಹಸು. ಸಂಗ್ರಹದಲ್ಲಿದ್ದ ವೀರ್ಯದಿಂದ ಲೇಡಿಯ ಅಂಡಾಣುವನ್ನು ಪ್ರನಾಳದಲ್ಲಿ ಫಲಿತಗೊಳಿಸಿ ‘ಡರ್ಬಿ’ ಎಂಬ ಹೋರಿಗರುವನ್ನು ಪಡೆಯಲಾಯಿತು. ಆ ತಳಿಯ ಏಕೈಕ ಗಂಡು ಅದು. ಡರ್ಬಿ ಯಾವ ತದ್ರೂಪಿಯನ್ನು ಕೂಡಿದರೂ, ವಂಶವಾಹಿಗಳ ಲೆಕ್ಕದಲ್ಲಿ ಅದು ಮಗ ತಾಯಿಯನ್ನು ಕೂಡಿದಂತೆಯೇ.